ಮಧ್ಯಾಹ್ನ ಮೆಡಿಕಲ್ ಶಟರ್ ಎಳೆಯೋಕೆ ಶುರು ಮಾಡಿದ್ದು

ಹಾಸನದಲ್ಲಿ ನಂದೊಂದು ಸಣ್ಣ ಮೆಡಿಕಲ್ ಇದೆ. ಕೊರೊನಾ ಟೈಮಲ್ಲಿ ಬಿ.ಎಂ. ರೋಡೆಲ್ಲಾ ಖಾಲಿ ಹೊಡೀತಿದ್ರೂ ನಾವು ಬಾಗ್ಲು ಹಾಕೋ ಹಾಗಿರ್ಲಿಲ್ಲ. 2020ರ ಮಾರ್ಚಲ್ಲಿ ಕೊರೊನಾಗೆ ಆಗುತ್ತೆ ಅಂತ ಮಲೇರಿಯಾ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡಿ ಅಂತ ಜಗಳ, ಕೊನೆಗೆ ಸರ್ಕಾರ ಅದನ್ನ ಶೆಡ್ಯೂಲ್ ಎಚ್1 ನಿಯಮಕ್ಕೆ ತಂತು, ಅಂದ್ರೆ ಚೀಟಿ ನೋಡಿ ರಿಜಿಸ್ಟರಲ್ಲಿ ಬರೆದೇ ಕೊಡ್ಬೇಕು, 2021ರಲ್ಲಿ ಆಕ್ಸಿಮೀಟರ್ ಕೇಳಿದೋರಿಗೆಲ್ಲ ಇಲ್ಲ ಅನ್ನೋದೇ ಕೆಲಸ. ಅದು ಎಲ್ರಿಗೂ ಗೊತ್ತಿರೋದೆ ಬಿಡಿ.

ಆಮೇಲಿಂದು ಯಾರೂ ಕೇಳಲ್ಲ. ಜನ ಮಾಸ್ಕ್ ತೆಗೆದ್ರು, ನಾನು ಮಾತ್ರ ಬೆಳಗ್ಗೆಯಿಂದ ರಾತ್ರಿ ಹತ್ತರ ತನಕ ಕೌಂಟರ್ ಹಿಂದೆ ನಿಂತೇ ಇದ್ದೆ. ಕಾಲಲ್ಲಿ ನರ ಉಬ್ಬಿತ್ತು, ನಿದ್ದೆ ಹತ್ತಲ್ಲ, ಕೇಳಿದ್ದನ್ನೇ ಯಾರಾದ್ರೂ ಎರಡು ಸಲ ಕೇಳಿದ್ರೆ ಸಿಟ್ಟು. "ಊರಿಗೆಲ್ಲ ಬಿಪಿ ಮಾತ್ರೆ ಕೊಡ್ತೀರ, ನಿಮ್ದು ಯಾವತ್ತಾದ್ರೂ ನೋಡ್ಸಿದೀರಾ?" ಅಂತ ನಮ್ಮನೆಯವ್ಳು ಕೇಳಿದ್ಮೇಲೆ ನೋಡ್ಸಿದೆ. ಜಾಸ್ತಿನೇ ಇತ್ತು.

ನಮ್ಮ ಕಷ್ಟ ಏನಂದ್ರೆ ಚೀಟಿ ಔಷಧಿ ಕೊಡೋವಾಗ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಎದುರಿಗಿರ್ಬೇಕು, ಒಬ್ನೇ ಇರೋ ಅಂಗಡೀಲಿ ಹುಡುಗನ್ನ ಕೂರ್ಸಿ ಮನೆಗೆ ಹೋಗಿ ಮಲಗೋ ಹಾಗಿಲ್ಲ. ಹಾಗಾಗಿ ಶಟರ್ರೇ ಎಳೆದೆ, ಮಧ್ಯಾಹ್ನ ಎರಡರಿಂದ ಮೂರೂವರೆ. ಶುಗರ್, ಬಿಪಿಗೆ ತಿಂಗಳ ಮಾತ್ರೆ ತಗೊಳೋ ಖಾಯಂ ಗಿರಾಕಿಗಳಿಗೆ "ಹಿಂದಿನ ದಿನವೇ ಚೀಟಿ ವಾಟ್ಸಾಪ್ ಮಾಡಿ, ಕವರ್‌ಗೆ ಹಾಕಿಟ್ಟಿರ್ತೀನಿ" ಅಂದೆ, ಸಂಜೆ ನೂಕುನುಗ್ಗಲು ಅರ್ಧ ಇಳೀತು, ಕೊಡೋವಾಗ ಎರಡು ಮಾತಾಡೋಕೂ ಟೈಮ್ ಸಿಕ್ತು. ಭಾನುವಾರಕ್ಕೆ ಪಕ್ಕದ ರಸ್ತೆ ಮೆಡಿಕಲ್ ಅಣ್ಣನ ಜೊತೆ ಮಾತಾಡ್ಕೊಂಡೆ, ಒಂದು ವಾರ ಅವ್ರು ತೆಗೀತಾರೆ, ಇನ್ನೊಂದು ವಾರ ನಾನು. ಇಷ್ಟು ವರ್ಷ ಎದುರಾಳಿ ಅಂದ್ಕೊಂಡಿದ್ದ ಮನುಷ್ಯ, ಕೇಳಿದ ತಕ್ಷಣ "ನಂಗೂ ಸಾಕಾಗಿದೆ ಕಣಯ್ಯ" ಅಂದ್ರು!

ನಿದ್ದೆ ವಿಷಯ ಸ್ವಲ್ಪ ಸೂಕ್ಷ್ಮ. ನಿದ್ದೆ ಬರ್ಸೋ ಅಲ್ಪ್ರಾಜೋಲಮ್ ಮಾತ್ರೆ ನನ್ನ ಕೈಗೆಟುಕೋ ಕಪಾಟಲ್ಲೇ ಇರುತ್ತೆ. ಆದ್ರೆ ಅದೂ ಎಚ್1, ಡಾಕ್ಟ್ರ ಹೆಸ್ರು ರೋಗಿ ಹೆಸ್ರು ರಿಜಿಸ್ಟರಲ್ಲಿ ಬರೀಬೇಕು, ಬೇರೆಯೋರಿಗೆ ಚೀಟಿ ಇಲ್ದೆ ಕೊಡದ್ದನ್ನ ನನಗೆ ನಾನೇ ಕೊಟ್ಕೊಳಲ್ಲ ಅಂತ ಗಟ್ಟಿ ಮಾಡ್ಕೊಂಡೆ. ಬದ್ಲಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ದೆ, ಫ್ರೀ, ಕನ್ನಡದಲ್ಲೇ ಮಾತಾಡಿದ್ರು. ಕಾಲಿಗೆ ಡಾಕ್ಟ್ರು ಹೇಳಿದ ಬಿಗಿ ಸ್ಟಾಕಿಂಗ್ಸ್, ಕೌಂಟರ್ ಹಿಂದೆ ಎತ್ತರದ ಸ್ಟೂಲು. ಅಷ್ಟೇ.

ಇದೆಲ್ಲ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು 2025ರ ಜೂನ್ ಜುಲೈನಲ್ಲಿ, ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿ ತುಂಬಾ ಓಡ್ತಿದ್ದಾಗ. ಮೈಸೂರು ಜಯದೇವದಲ್ಲಿ ಜನ ಕ್ಯೂ ನಿಂತಿದ್ರು, ಇಲ್ಲಿ ಇಪ್ಪತ್ತೈದರ ಹುಡುಗ್ರು ಬಂದು "ಅಣ್ಣಾ, ಜೇಬಲ್ಲಿ ಇಟ್ಕೊಳೋಕೆ ಸಾರ್ಬಿಟ್ರೇಟ್ ಕೊಡಿ" ಅನ್ನೋರು, ಅದು ಹೃದಯದ ಎದೆನೋವಿಗೆ ಕೊಡೋ ಮಾತ್ರೆ. ಸುಮ್ನೆ ನುಂಗಿದ್ರೆ ಬಿಪಿ ದಬಕ್ಕಂತ ಇಳಿದು ಬಿದ್ದೋಗ್ತೀಯ ಮಾರಾಯ, ಮೊದ್ಲು ಇಸಿಜಿ ಮಾಡ್ಸು ಅಂತ ಒಬ್ಬೊಬ್ರಿಗೂ ಕೂರ್ಸಿ ಹೇಳ್ದೆ. ಹಳೇ ನಾನಾಗಿದ್ರೆ ಬೈದು ಕಳಿಸ್ತಿದ್ದೆ.

ವ್ಯಾಪಾರ ಸ್ವಲ್ಪ ಇಳಿದಿದೆ, ಸುಳ್ಳು ಹೇಳಲ್ಲ. ಮಧ್ಯಾಹ್ನದ ಗಿರಾಕಿಗಳು ಕೆಲವ್ರು ಡಿಸ್ಕೌಂಟ್ ಬೋರ್ಡಿನ ಅಂಗಡಿಗೆ ಹೋದ್ರು, ವಾಪಸ್ ಬಂದಿಲ್ಲ. ಶಟರ್ ಮೇಲೆ ನನ್ನ ನಂಬರ್ ಜೊತೆ ಪಕ್ಕದ ಅಣ್ಣಂದೂ ಬರೆಸಿದೀನಿ, ಅರ್ಜೆಂಟ್ ಇದ್ದೋರು ಅವ್ರಿಗೆ ಫೋನ್ ಮಾಡ್ತಾರೆ.