ಎಐನಲ್ಲಿ ಮುಧೋಳ ನಾಯಿ ಮುಧೋಳದ್ದೇ ಆಗಿ ಬಂದಿದ್ದು: ನನ್ನ ಅನುಭವ

ಸಾಕುಪ್ರಾಣಿಗಳ ಎಐ ಪೋರ್ಟ್ರೇಟ್ ಮಾಡಿ ದುಡ್ಡು ನೋಡ್ತೀನಿ ಅಂದಾಗ ಸ್ಟುಡಿಯೋ ಇಟ್ಟಿರುವ ಗೆಳೆಯರು ನಕ್ಕಿದ್ದರು. "ನಾಯಿ ಬರುತ್ತೆ ಗುರು, ಅವರ ಮನೆ ನಾಯಿ ಬರಲ್ಲ" ಅಂತ ಒಬ್ಬ ಅಂದ. ಈಗ ಅವನೇ ತನ್ನ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸಿ ಕಮಿಷನ್ ಕೇಳುತ್ತಾನೆ. ಕೊಡುತ್ತೇನೆ ಬಿಡಿ.

ಆಗ ಅವನ ಮಾತು ಸುಳ್ಳೇನೂ ಆಗಿರಲಿಲ್ಲ. ಒಂದೇ ಫೋಟೋ ಹಾಕಿ ಇಮೇಜ್-ಟು-ಇಮೇಜ್ (ಫೋಟೋದಿಂದಲೇ ಎಐ ಮಾಡೆಲ್ ಹೊಸ ಚಿತ್ರ ಮಾಡುವ ವಿಧಾನ) ಓಡಿಸಿದರೆ ಏನಾಗುತ್ತೆ ಅಂತ ಮಾಡಿ ನೋಡಿದವರಿಗೆ ಗೊತ್ತು. ಡಿನಾಯ್ಸ್, ಅಂದರೆ ಮೂಲ ಫೋಟೋವನ್ನು ಎಷ್ಟು ಬದಲಿಸಬೇಕು ಅನ್ನೋ ಅಳತೆ, 0.6 ದಾಟಿದರೆ ಚಿತ್ರ ಚೆನ್ನ, ನಾಯಿ ಬೇರೆ. 0.3ಕ್ಕೆ ಇಳಿಸಿದರೆ ನಾಯಿ ಅದೇ, ಆದರೆ ಫೋಟೋಗೆ ಫಿಲ್ಟರ್ ಬಳಿದ ಹಾಗೆ. ಲ್ಯಾಬ್ರಡಾರ್ ಆದರೆ ಹೇಗೋ ನಡೆಯುತ್ತೆ, ಮಾಡೆಲ್ ಅದನ್ನು ಬೇಕಾದಷ್ಟು ನೋಡಿದೆ. ಮುಧೋಳ ಕೊಟ್ಟರೆ ಗ್ರೇಹೌಂಡ್ ಬರುತ್ತೆ. ತಲೆಯ ಪಕ್ಕ ಚಪ್ಪಟೆಯಾಗಿ ಇಳಿಬಿದ್ದಿರಬೇಕಾದ ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತೆ. 2005ರಲ್ಲೇ ಅಂಚೆ ಚೀಟಿ ಮೇಲೆ ಬಂದ ನಾಯಿ ಅದು, ಈ ಮಾಡೆಲ್‌ಗೆ ಮಾತ್ರ ಗುರುತೇ ಇಲ್ಲ! ನಮ್ಮ ಬೀದಿ ನಾಯಿ ಕೊಟ್ಟರಂತೂ ಶಿಬಾ ಇನು.

ಫೋಟೋವನ್ನೇ ಮಾದರಿಯಾಗಿ ತೋರಿಸುವ ಐಪಿ-ಅಡಾಪ್ಟರ್ ಹಾಕಿದೆ. ಬಣ್ಣ ಬಂತು, ಮಚ್ಚೆ ಜಾಗ ತಪ್ಪಿತು. ಬೇರೆಯವರಿಗೆ ಅದು ಗೊತ್ತೇ ಆಗಲ್ಲ. ಸಾಕಿದವರು ಮಾತ್ರ ಒಂದೇ ನೋಟಕ್ಕೆ "ಇದು ನಮ್ಮ ರಾಜ ಅಲ್ಲ" ಅಂತಾರೆ. ಗಂಟೆ ಲೆಕ್ಕದ ಬಾಡಿಗೆ ಜಿಪಿಯುಗೇ (ಎಐ ಓಡಿಸುವ ಗ್ರಾಫಿಕ್ಸ್ ಕಾರ್ಡ್) ಸುಮಾರು 12,000 ರೂಪಾಯಿ ಹೋಯಿತು, ಗಿರಾಕಿಗಳಿಗೆ ವಾಪಸ್ ಕೊಟ್ಟ ಅಡ್ವಾನ್ಸ್ ಬೇರೆ. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ 12 ಜಿಬಿ ಮೆಮೊರಿಯ 3060 ಗ್ರಾಫಿಕ್ಸ್ ಕಾರ್ಡ್ ತಂದೆ, 18-20 ಸಾವಿರದ ಆಸುಪಾಸು. ಮನೆಯಲ್ಲಿ ಏನಂದರು ಅಂತ ಬರೆಯಲ್ಲ.

ಕೊನೆಗೆ ಕೈ ಹಿಡಿದಿದ್ದು ಪ್ರತಿ ಪ್ರಾಣಿಗೂ ಒಂದು ಲೋರಾ, ಎಸ್‌ಡಿಎಕ್ಸ್‌ಎಲ್ ಅನ್ನೋ ಚಿತ್ರ ಮಾಡುವ ಮಾಡೆಲ್ ಮೇಲೆ. ಲೋರಾ ಅಂದರೆ ಆ ಒಂದು ಪ್ರಾಣಿಯನ್ನು ಮಾಡೆಲ್‌ಗೆ ಕಲಿಸುವ ಚಿಕ್ಕ ಫೈಲ್. ಒಂದು ನಾಯಿಗೆ ಇಷ್ಟೆಲ್ಲ ಯಾರು ಮಾಡ್ತಾರೆ ಅಂತ ಕೇಳಬಹುದು. ನಾನು ಮಾಡುತ್ತೇನೆ, ರಾತ್ರಿ ಟ್ರೇನಿಂಗ್ ಹಚ್ಚಿ ಮಲಗುತ್ತೇನೆ.

15-20 ಫೋಟೋ ಸಾಕು. ಆದರೆ ಎಂಥವು ಅನ್ನೋದೇ ಮುಖ್ಯ. ಎಲ್ಲರೂ ಮೂಗಿನ ಹತ್ತಿರ ಫೋನ್ ಹಿಡಿದು ತೆಗೆದದ್ದನ್ನೇ ಕಳಿಸುತ್ತಾರೆ. ಅದರಲ್ಲಿ ಮೂತಿ ಊದಿರುತ್ತೆ, ಮಾಡೆಲ್ ಆ ಮೂತಿಯನ್ನೇ ಕಲಿಯುತ್ತೆ. ಆರು ಅಡಿ ದೂರ ಕೂತು, ನಾಯಿಯ ಕಣ್ಣಿನ ಮಟ್ಟದಲ್ಲಿ, 2ಎಕ್ಸ್ ಝೂಮ್‌ನಲ್ಲಿ ತೆಗೆಯಿರಿ ಅಂತ ಈಗ ಮೊದಲೇ ಹೇಳಿಬಿಡುತ್ತೇನೆ. ಫ್ಲ್ಯಾಷ್ ಬೇಡವೇ ಬೇಡ. ಹಸಿರಾಗಿ ಹೊಳೆಯುವ ಕಣ್ಣನ್ನೂ ಅದು ಕಲಿತುಬಿಡುತ್ತೆ. ಕಪ್ಪು ನಾಯಿಯಾದರೆ ಮೋಡ ಇದ್ದ ದಿನ ಹೊರಗೆ ತೆಗೆದದ್ದೇ ಬೇಕು, ಇಲ್ಲದಿದ್ದರೆ ಮುಖವೆಲ್ಲ ಬರೀ ಮಸಿ.

ಕ್ಯಾಪ್ಶನ್‌ನಲ್ಲಿ (ಪ್ರತಿ ಫೋಟೋ ಜೊತೆ ಮಾಡೆಲ್‌ಗೆ ಕೊಡುವ ವಿವರಣೆ) ಬೆಲ್ಟು, ಸೋಫಾ, ಹುಲ್ಲು ಎಲ್ಲ ಬರೆಯುತ್ತೇನೆ, ಮಚ್ಚೆ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ಬರೆಯದೆ ಬಿಟ್ಟದ್ದೇ ನಾಯಿಯ ಹೆಸರಿಗೆ ಅಂಟಿಕೊಳ್ಳುತ್ತೆ. ಫೋಟೋವನ್ನು ಎಡ-ಬಲ ತಿರುಗಿಸಿಯೂ ಕಲಿಸುವ ಫ್ಲಿಪ್ ಆಗ್ಮೆಂಟೇಶನ್ ಆಫ್ ಇರಲೇಬೇಕು. ಅದು ಆನ್ ಇದ್ದರೆ ಎಡಗಣ್ಣಿನ ಮಚ್ಚೆ ಬಲಕ್ಕೂ ಬಂದು ಕೂರುತ್ತೆ. ಕಲಿಸುವ ಸುತ್ತು, ಅಂದರೆ ಸ್ಟೆಪ್ಸ್, ಸುಮಾರು 1,500. ಅದರಾಚೆ ಹೋದರೆ ಕೂದಲು ಪ್ಲಾಸ್ಟಿಕ್ ಬ್ರಷ್ ಆಗುತ್ತೆ.

ಮುಂದಿನದು ಕಂಫಿಯುಐನಲ್ಲಿ (ಇಂಥ ಮಾಡೆಲ್ ಓಡಿಸುವ ಸಾಫ್ಟ್‌ವೇರ್) ಎಲ್ಲರೂ ಮಾಡುವುದೇ. ಫೋಟೋದ ಆಕಾರ, ಭಂಗಿ ಹಾಗೇ ಉಳಿಸಲು ಡೆಪ್ತ್ ಕಂಟ್ರೋಲ್‌ನೆಟ್, ಡಿನಾಯ್ಸ್ 0.45 ಸುತ್ತಮುತ್ತ, ಕಣ್ಣನ್ನು ದೊಡ್ಡದಾಗಿ ಕ್ರಾಪ್ ಮಾಡಿ ಬೇರೆಯಾಗಿ ಇನ್‌ಪೇಂಟ್ (ಆ ಭಾಗವನ್ನಷ್ಟೇ ಮತ್ತೆ ಬಿಡಿಸುವುದು). ಕಣ್ಣಿನೊಳಗಿನ ಬೆಳಕಿನ ಚುಕ್ಕಿಯನ್ನು ಎಲ್ಲಿಂದ ತರುತ್ತೇನೆ ಅನ್ನೋದನ್ನು ಹೇಳಲ್ಲ. ಮೀಸೆಯದ್ದೂ ಹೇಳಲ್ಲ. ಹೊಟ್ಟೆಪಾಡು, ಅಲ್ವಾ?

12x18 ಇಂಚಿನ ಕ್ಯಾನ್ವಾಸ್ ಫ್ರೇಮ್ ಸೇರಿ ನನಗೆ 700-800 ಬೀಳುತ್ತೆ, 2,500ಕ್ಕೆ ಕೊಡುತ್ತೇನೆ. ಅರ್ಧ ಅಡ್ವಾನ್ಸ್. ಒಬ್ಬರು ನಾನು ವಾಟ್ಸಾಪ್‌ನಲ್ಲಿ ಕಳಿಸಿದ ಪ್ರಿವ್ಯೂವನ್ನೇ ವಾಟರ್‌ಮಾರ್ಕ್ ಸಮೇತ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು, "ಸೂಪರ್ ಆಗಿದೆ ಸರ್" ಅಂತ ಫೋಟೋ ಬೇರೆ ಕಳಿಸಿದರು. ಈಗ ಪ್ರಿವ್ಯೂನಲ್ಲಿ ಮುಖದ ಅರ್ಧ ಮಾತ್ರ. ಸತ್ತ ನಾಯಿಯ ಮೂರು ಮಸುಕು ಫೋಟೋ ತಂದರೆ ಮಾತ್ರ ದುಡ್ಡಿನ ಮಾತು ಮೊದಲೇ ಎತ್ತಲ್ಲ. ಚಿತ್ರ ಸರಿಯಾಗಿ ಬಂದರೆ ತಗೊಳ್ತೀನಿ, ಬರದಿದ್ದರೆ ಇಲ್ಲ.

ಫ್ಲಕ್ಸ್ ಅನ್ನೋ ಇನ್ನೊಂದು ಮಾಡೆಲ್ ಕೂಡ ನೋಡಿದೆ. ಚರ್ಮ, ಹುಲ್ಲು ಎಲ್ಲ ಇನ್ನೂ ಚೆನ್ನಾಗಿ ಬರುತ್ತೆ, ಆದರೆ 12 ಜಿಬಿಯಲ್ಲಿ ತೆವಳುತ್ತೆ. ಕ್ಯಾನ್ವಾಸ್ ಮೇಲೆ ಗಿರಾಕಿಗೆ ವ್ಯತ್ಯಾಸ ಕಾಣಲ್ಲ. ಸುಮ್ನೆ ಯಾಕೆ?

ಬೆಕ್ಕು ಸುಲಭ. ತಲೆನೋವು ತಂದಿದ್ದು ಹಳ್ಳಿಕಾರ್ ಎತ್ತು. ದೊಡ್ಡಬಳ್ಳಾಪುರ ಕಡೆಯ ರೈತರೊಬ್ಬರು ಜೋಡಿ ಬೇಕು ಅಂದರು. ಮಾಡೆಲ್ ಕೊಂಬನ್ನು ಅಗಲಕ್ಕೆ ಚಾಚಿ ಅಮೆರಿಕದ ದನ ಮಾಡಿಬಿಟ್ಟಿತು. ಹಳ್ಳಿಕಾರ್ ಕೊಂಬು ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿ ಚೂಪಾಗಿ ನಿಲ್ಲಬೇಕು. ಕೊಂಬಿನದ್ದೇ ಫೋಟೋ ಪಕ್ಕದಿಂದ, ಮುಂದಿನಿಂದ ಬೇರೆ ಸೇರಿಸಿದ ಮೇಲೆ ದಾರಿಗೆ ಬಂತು. ಎರಡು ಲೋರಾ ಒಟ್ಟಿಗೆ ಹಾಕಿದರೆ ಎರಡೂ ಎತ್ತು ಒಂದೇ ಆಗುತ್ತವೆ. ಹಾಗಾಗಿ ಮಾಸ್ಕ್ ಹಾಕಿ, ಅಂದರೆ ಒಂದು ಎತ್ತಿನ ಜಾಗ ಮಾತ್ರ ಗುರುತು ಮಾಡಿ, ಒಂದೊಂದಾಗಿ ತುಂಬಿದೆ. ಎಡಕ್ಕೆ ಕಟ್ಟುವ ಎತ್ತನ್ನು ಬಲಕ್ಕೆ ನಿಲ್ಲಿಸಿದ್ದೆ, ಅದನ್ನೂ ಅವರೇ ಹೇಳಿ ಸರಿ ಮಾಡಿಸಿದರು. 4,000 ತಗೊಂಡೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಮೊದಲೇ ಬೇಕು ಅಂತ ಇನ್ನಿಬ್ಬರು ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ.