ಮಿಲಿಟರಿ ಲಾರಿ ಹೊತ್ತಿ ಉರಿದು ಮದ್ದುಗುಂಡು ಸಿಡಿದರೆ ತನಿಖೆ ಎಲ್ಲಿಂದ ಶುರು?

ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರುವ ಊರು ನಮ್ಮ ಬೆಳಗಾವಿ. ಹಸಿರು ಲಾರಿ ಕಂಡರೆ ಯಾರೂ ತಿರುಗಿ ನೋಡಲ್ಲ. ಆದರೆ ಅಂಥದ್ದೊಂದು ಲಾರಿ ಹೆದ್ದಾರಿ 48ರ ಪಕ್ಕ, ಕಬ್ಬಿನ ಹೊಲದ ಬದುವಿಗೆ ನಿಂತು ಹೊತ್ತಿ ಉರಿದು, ಒಳಗಿದ್ದ ಮದ್ದುಗುಂಡು ಸಿಡಿಯಿತು ಅಂದುಕೊಳ್ಳಿ. ಕಾರಣ ಹುಡುಕೋದು ಹೇಗೆ? ಹೊಸದಾಗಿ ಠಾಣೆಗೆ ಬಂದ ಪಿಎಸ್‌ಐ, ಫೊರೆನ್ಸಿಕ್ ಓದುವ ಹುಡುಗರು, ಇಂಥ ಸುದ್ದಿ ಬರೆಯುವವರು ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಕೆಲಸ ದೂರ ನಿಲ್ಲೋದು. ಲಾರಿಯಲ್ಲಿ ಫಿರಂಗಿ ಶೆಲ್ ಇರಬಹುದು ಅನ್ನಿಸಿದರೆ ಸುತ್ತ 1600 ಮೀಟರ್ ಖಾಲಿ ಮಾಡಿಸಬೇಕು. ಬೆಂಕಿ ಆರಿತು ಅಂತ ಒಳಗೆ ನುಗ್ಗಲೇಬೇಡಿ. ಕುವೈತ್‌ನ ಕ್ಯಾಂಪ್ ದೋಹಾದಲ್ಲಿ 1991ರ ಜುಲೈ 11ರಂದು ಅಮೆರಿಕ ಸೇನೆಯ ಮದ್ದುಗುಂಡಿನ ಗಾಡಿಯೊಂದರ ಹೀಟರ್ ಕೆಟ್ಟು ಬೆಂಕಿ ಹತ್ತಿತು, ಅದರಲ್ಲಿದ್ದ 155 ಮಿ.ಮೀ. ಶೆಲ್‌ಗಳು ಸಿಡಿದು, ಪಕ್ಕದ ಗಾಡಿಗಳಿಗೂ ಹಬ್ಬಿ ಗಂಟೆಗಟ್ಟಲೆ ನಡೆಯಿತು. ಆ ದಿನ ಯಾರೂ ಸಾಯಲಿಲ್ಲ. ಮೂವರು ಸೈನಿಕರು ಸತ್ತದ್ದು ಜುಲೈ 23ಕ್ಕೆ, ಸ್ವಚ್ಛ ಮಾಡುವಾಗ. ಹಾಗಾಗಿ ಸೇನೆಯವರೋ ಬಾಂಬ್ ನಿಷ್ಕ್ರಿಯ ದಳದವರೋ ದಾರಿ ಗುರುತು ಮಾಡಿಕೊಡುವ ತನಕ ಕಾಯಿರಿ. ಹಿತ್ತಾಳೆ ಆಸೆಗೆ ಗುಜರಿ ಆಯೋರು ಬಂದೇ ಬರುತ್ತಾರೆ, ಕಾವಲು ಹಾಕಿ.

ಈಗ ಮುಖ್ಯ ವಿಷಯ. ಬೆಂಕಿ ಬೇರೆ, ಸ್ಫೋಟ ಬೇರೆ. ಯಾವುದು ಮೊದಲು ಅನ್ನೋದು ಗೊತ್ತಾಗದೆ ಮುಂದೆ ಹೋಗಬೇಡಿ. ಎಲ್ಲರೂ ನೆಲದಲ್ಲಿ ಬಿದ್ದ ಗುಂಡಿಯ ಸುತ್ತ ನಿಂತು ಫೋಟೋ ಹೊಡೆಯುತ್ತಾರೆ. ನನ್ನ ಕೇಳಿದರೆ ಗುಂಡಿಯನ್ನು ಕೊನೆಗೆ ನೋಡಿ. ಲಾರಿಯಿಂದ ತುಂಬ ದೂರ ಹೋಗಿ ಬಿದ್ದ ಚೂರುಗಳಿಂದ ಶುರು ಮಾಡಿ, ಯಾಕೆಂದರೆ ಅವು ಹಾರಿದ ಮೇಲೆ ಬೆಂಕಿ ಅವನ್ನು ಮುಟ್ಟಿಲ್ಲ. ಪಕ್ಕದ ಕಿಟಕಿಯ ಗಾಜಿನ ಒಂದು ಚೂರು ಸಿಕ್ಕಿತು ಅನ್ನಿ. ಒಂದು ಮುಖಕ್ಕೆ ಮಸಿ ಹಿಡಿದಿದೆ, ಒಡೆದ ಅಂಚು ಮಾತ್ರ ಹೊಳೆಯುತ್ತಿದೆ. ಅಂದರೆ ಗಾಜು ಒಡೆಯುವ ಮುಂಚೆಯೇ ಹೊಗೆ ಕುಡಿದಿದೆ, ಬೆಂಕಿ ಮೊದಲು. ಎರಡೂ ಮುಖ ಸ್ವಚ್ಛ ಇದ್ದರೆ ಸ್ಫೋಟ ಮೊದಲು ಆಗಿರಬಹುದು. ಹಾರಿ ಬಿದ್ದ ಬಾಗಿಲ ಪೇಂಟನ್ನೂ ಹೀಗೇ ನೋಡಿ, ಗುಳ್ಳೆ ಎದ್ದಿದೆಯಾ ಅಂತ. ಒಂದೇ ಚೂರು ನೋಡಿ ತೀರ್ಮಾನ ಬೇಡ, ಹತ್ತಾರು ಚೂರು ಒಂದೇ ಮಾತು ಹೇಳಬೇಕು. ಬೇಸಿಗೆಯಲ್ಲಿ ಎರೆ ಹೊಲ ಬಿರುಕು ಬಿಟ್ಟಿರುತ್ತದೆ, ಸಣ್ಣ ಚೂರು ಅದರೊಳಗೆ ಇಳಿದಿರುತ್ತದೆ. ಅಲ್ಲೂ ನೋಡಿ, ಆದರೆ ಕೈ ಹಾಕಬೇಡಿ.

ಕಾಡತೂಸುಗಳೂ ಮಾತಾಡುತ್ತವೆ. ಬಂದೂಕಿನಿಂದ ಹಾರಿಸಿದ್ದಾದರೆ ಹಿಂಬದಿಯ ಕ್ಯಾಪ್ ಮೇಲೆ ಪಿನ್ ಹೊಡೆದ ತಗ್ಗು ಇರುತ್ತದೆ. ಬಿಸಿಗೆ ತಾನೇ ಸಿಡಿದದ್ದಕ್ಕೆ ಆ ತಗ್ಗು ಇರಲ್ಲ, ಹಿತ್ತಾಳೆ ಪಕ್ಕಕ್ಕೆ ಸೀಳಿರುತ್ತದೆ. 'ಯಾರೋ ಫೈರಿಂಗ್ ಮಾಡಿದರು' ಅನ್ನೋ ಗಾಳಿಸುದ್ದಿಗೆ ಇಷ್ಟೇ ಸಾಕು ಉತ್ತರ.

ಬೆಂಕಿ ಮೊದಲು ಅಂತ ಆದರೆ, ಕಡಿಮೆ ಸುಟ್ಟ ಕಡೆಯಿಂದ ಜಾಸ್ತಿ ಸುಟ್ಟ ಕಡೆಗೆ ನಡೆಯಿರಿ. ಎಲ್ಲಿ ಯಾವ ಲೋಹ ಕರಗಿದೆ ಅನ್ನೋದರಿಂದ ಅಲ್ಲಿ ಎಷ್ಟು ಬಿಸಿ ಇತ್ತು ಅಂತ ಅಂದಾಜು ಸಿಗುತ್ತದೆ: ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ತಾಮ್ರ 1085ಕ್ಕೆ. ವೈರಿನ ತುದಿಯಲ್ಲಿ ಸಾಸಿವೆ ಕಾಳಿನಂಥ ದುಂಡು ಮಣಿ ಇದ್ದು, ಅದರ ಪಕ್ಕದ ತಾಮ್ರ ಕರಗದೆ ಹಾಗೇ ಇದ್ದರೆ ಅದು ಶಾರ್ಟ್ ಆದ ಗುರುತು. ಆದರೆ ಮಣಿ ಸಿಕ್ಕ ಕೂಡಲೇ 'ಶಾರ್ಟ್ ಸರ್ಕ್ಯೂಟ್' ಅಂತ ಬರೆದು ಕೈ ತೊಳೆದುಕೊಳ್ಳೋದು ನಮ್ಮಲ್ಲಿ ದೊಡ್ಡ ರೋಗ. ಬೆಂಕಿಗೆ ವೈರಿನ ಸಿಪ್ಪೆ ಸುಟ್ಟರೂ ಶಾರ್ಟ್ ಆಗುತ್ತದೆ. ಆ ಹೊತ್ತಿಗೆ ವೈರಿನಲ್ಲಿ ಕರೆಂಟ್ ಇತ್ತು ಅಂತ ಮಾತ್ರ ಮಣಿ ಹೇಳುತ್ತದೆ, ಅಷ್ಟೇ. ಬ್ಯಾಟರಿಯಿಂದ ಅತಿ ದೂರದ ಮಣಿ ಯಾವುದು ನೋಡಿ, ಸಾಮಾನ್ಯವಾಗಿ ಬೆಂಕಿ ಆ ಕಡೆ ಮೊದಲು ಮುಟ್ಟಿರುತ್ತದೆ. ವಂಟಮುರಿ ಘಾಟ್ ಇಳಿದು ಬಂದ ಲಾರಿಯಾದರೆ ಬ್ರೇಕ್ ಡ್ರಮ್, ಲೈನರ್ ಬಿಚ್ಚಿಸಿ. ಒಂದೇ ಚಕ್ರ ಉಳಿದವಕ್ಕಿಂತ ಜಾಸ್ತಿ ಕಾದು ನೀಲಿಗಟ್ಟಿದ್ದರೆ ಬ್ರೇಕ್ ಜಾಮ್ ಆಗಿತ್ತಾ ನೋಡಬೇಕು. ಡೀಸೆಲ್ ಪೈಪ್ ಸೋರಿ ಟರ್ಬೊ (ಎಂಜಿನ್‌ಗೆ ಗಾಳಿ ತುಂಬುವ, ತುಂಬ ಕಾಯುವ ಭಾಗ) ಮೇಲೆ ಬಿದ್ದಿತ್ತಾ ಅನ್ನೋದೂ ಅಷ್ಟೇ ಮುಖ್ಯ. ಹೊಲದಲ್ಲಿ ರವದಿ (ಕಬ್ಬಿನ ಒಣ ಎಲೆ) ಸುಟ್ಟಿದ್ದರೆ ಅದು ಲಾರಿಯಿಂದ ಹತ್ತಿತೋ, ಅದರಿಂದಲೇ ಲಾರಿಗೆ ಹತ್ತಿತೋ ಅಂತ ರೈತರನ್ನು ಕೇಳಿ.

ಕೇಳುವಾಗ ಉತ್ತರ ನೀವೇ ಬಾಯಿಗಿಡಬೇಡಿ. "ಕಾಕಾ, ಮೊದ್ಲ ಹೊಗಿ ನೋಡಿದ್ರೋ, ಸಪ್ಪಳಾ ಕೇಳಿದ್ರೋ?" ಅಂದು ಸುಮ್ನೆ ಕೂತರೆ ಸಾಕು. ಮೊಬೈಲ್ ವಿಡಿಯೋ ಇದ್ದರೆ ಪಡೆಯಿರಿ. ಒಂದು ಕಿಲೋಮೀಟರ್ ದೂರದಿಂದ ತೆಗೆದದ್ದಾದರೆ ಸದ್ದು ಸುಮಾರು 3 ಸೆಕೆಂಡ್ ತಡ ಬರುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ. ಹತ್ತರಗಿ ಟೋಲ್ ದಾಟಿ ಬಂದ ಲಾರಿಯಾದರೆ ಅಲ್ಲಿನ ಕ್ಯಾಮೆರಾದಲ್ಲಿ ಆಗಲೇ ಹೊಗೆ ಇತ್ತಾ ನೋಡಬಹುದು.

ಸೇನೆ ತನ್ನದೇ ಕೋರ್ಟ್ ಆಫ್ ಇನ್‌ಕ್ವೈರಿ, ಅಂದರೆ ಒಳಗಿನ ವಿಚಾರಣೆ, ನಡೆಸುತ್ತದೆ, 1954ರ ಆರ್ಮಿ ರೂಲ್ಸ್‌ನ 177ನೇ ನಿಯಮದಂತೆ. ಪೊಲೀಸರು ಅದನ್ನೇ ನೆಚ್ಚಿ ಕೂರದೆ ತಮ್ಮ ಹೇಳಿಕೆ ತಾವೇ ಬರೆದುಕೊಳ್ಳಬೇಕು. ಪೆಟ್ರೋಲ್, ಡೀಸೆಲ್ ವಾಸನೆಯ ಮಣ್ಣನ್ನು ಸಾದಾ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಆವಿ ಹೋಗಿಬಿಡುತ್ತದೆ. ಗಟ್ಟಿ ಮುಚ್ಚಳದ ತಗಡಿನ ಡಬ್ಬಿ ಬೇಕು. ಜೊತೆಗೆ ಸ್ವಲ್ಪ ದೂರದ, ಸುಡದ ಮಣ್ಣಿನದ್ದೂ ಒಂದು ಡಬ್ಬಿ ಸೀಲ್ ಮಾಡಿ ಬೆಳಗಾವಿಯ ಪ್ರಾದೇಶಿಕ ಫೊರೆನ್ಸಿಕ್ ಲ್ಯಾಬ್‌ಗೆ ಕಳಿಸಿ. ಹೋಲಿಸಿ ನೋಡೋಕೆ ಅವರಿಗೆ ಅದೂ ಬೇಕು.