ಏರಿ ಒಡೆಯುವ ಹಾಡನ್ನು ಗಿಟಾರಿನಲ್ಲಿ ಕಲಿತದ್ದು

‘ವೆನ್ ದ ಲೆವೀ ಬ್ರೇಕ್ಸ್’, ಅಂದರೆ ‘ನದಿಯ ಏರಿ ಒಡೆದಾಗ’, ನನ್ನ ಕಿವಿಗೆ ಮೊದಲು ಬಿದ್ದದ್ದು ಬ್ರಿಟಿಷ್ ರಾಕ್ ತಂಡ ಲೆಡ್ ಝೆಪ್ಪೆಲಿನ್ 1971ರಲ್ಲಿ ಹೊರತಂದ ರೂಪದಲ್ಲಿ. ಏಳು ನಿಮಿಷ, ಎದೆಗೆ ಗುದ್ದುವ ಡ್ರಮ್ಸ್. ನುಡಿಸಲು ಕೂತ ಮೊದಲ ಸಂಜೆಯೇ ತೊಡಕಾಯಿತು. ಗಿಟಾರನ್ನು ಓಪನ್ ಜಿಗೆ, ಅಂದರೆ ಬೆರಳೊತ್ತದೆ ಮೀಟಿದರೂ ಜಿ ಸ್ವರಮೇಳ ಬರುವಂತೆ, ಹೊಂದಿಸಿದ್ದೆ. ದಪ್ಪ ತಂತಿಯಿಂದ ಸಣ್ಣದರವರೆಗೆ ಪ ಸ ಪ ಸ ಗ ಪ. ಕರ್ನಾಟಕ ಸಂಗೀತ ಕಲಿತ ಕಿವಿಗೆ ಹೀಗೆ ಹಿಡಿದರೆ ಸುಲಭ. ಆದರೂ ಅವರ ಮುದ್ರಿಕೆಯ ಜೊತೆ ಶ್ರುತಿ ಸೇರಲಿಲ್ಲ. ಎಲ್ಲ ತಂತಿಗಳನ್ನೂ ಎರಡು ಮನೆ (ಫ್ರೆಟ್) ಇಳಿಸಿದ ಮೇಲೆ ಕೂಡಿತು. ಝೆಪ್ಪೆಲಿನ್ ತಂಡದವರು ವಾದ್ಯಗಳ ಟೇಪನ್ನು ನಿಧಾನಗೊಳಿಸಿದ್ದರಂತೆ; ವೇಗದ ಜೊತೆ ಶ್ರುತಿಯೂ ಇಳಿದಿತ್ತು.

ಆಮೇಲೆ ಮೂಲ ಹುಡುಕಿದೆ. 1929, ನ್ಯೂಯಾರ್ಕ್. ಹಾಡಿದವರು ಕಾನ್ಸಾಸ್ ಜೋ ಮೆಕಾಯ್, ಜೊತೆ ಗಿಟಾರ್ ಅವರ ಹೆಂಡತಿ ಮೆಂಫಿಸ್ ಮಿನಿ. ಭಾರವಾದ ಗೋಳನ್ನು ನಿರೀಕ್ಷಿಸಿದ್ದೆ. ಕೇಳಿದ್ದು ಹಗುರ ನಡಿಗೆಯ, ಕುಣಿಯುವಂಥ ಎರಡು ಗಿಟಾರು! ಹಾಡಿನ ಹಿಂದಿರುವುದು 1927ರ ಮಿಸಿಸಿಪ್ಪಿ ಪ್ರವಾಹ. ನದಿಯ ಏರಿಗಳು ಒಡೆದು ಲಕ್ಷಾಂತರ ಜನ ನೆಲೆ ಕಳೆದುಕೊಂಡರು. ಕಪ್ಪು ಕೂಲಿಕಾರರನ್ನು ಬಂದೂಕು ತೋರಿಸಿ ಏರಿಯ ಮೇಲೆ ದುಡಿಸಿದರು. ಇಷ್ಟು ದುಃಖವನ್ನು ಜೋ ದನಿ ಏರಿಸದೆ ಹೇಳುತ್ತಾರೆ. ಅದು ನನ್ನನ್ನು ಅಲ್ಲಾಡಿಸಿತು.

ಜೋ ಅವರ ಲಯವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಅದರ ಮೇಲೆ ಮಿನಿಯವರ ಭಾಗ ಅಭ್ಯಾಸ ಮಾಡಿದೆ. ಹೆಬ್ಬೆರಳು ತಪ್ಪದೆ ದಪ್ಪ ತಂತಿಗಳ ನಡೆ ಹಿಡಿದಿರಬೇಕು, ತೋರುಬೆರಳು ಸಣ್ಣ ತಂತಿಗಳಲ್ಲಿ ಓಡಾಡಬೇಕು. ನನ್ನ ತಪ್ಪು ಎಲ್ಲವನ್ನೂ ಜೋರಾಗಿ ಮೀಟುತ್ತಿದ್ದದ್ದು. ಝೆಪ್ಪೆಲಿನ್ ಕೈಯಲ್ಲೇ ಕೂತುಬಿಟ್ಟಿತ್ತು. ದನಿ ಇರುವಲ್ಲಿ ಕೈ ತಗ್ಗಿಸಿ, ಸಾಲು ಮುಗಿದಲ್ಲಿ ಮಾತ್ರ ಬೆರಳು ಬಿಡಲು ಮೂರು ವಾರ ಹಿಡಿಯಿತು.

ಝೆಪ್ಪೆಲಿನ್ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಹಜಾರದಲ್ಲಿ ತಂಡದ ಡ್ರಮ್ಮರ್ ಬಾನಮ್ ಅವರ ಡ್ರಮ್ಸ್ ಇಟ್ಟು, ಮೆಟ್ಟಿಲ ಮೇಲ್ಭಾಗದಿಂದ ಎರಡು ಮೈಕ್ ಇಳಿಬಿಟ್ಟರು. ನಾನೂ ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೂತು, ಎರಡನೇ ಮಹಡಿಯಲ್ಲಿ ಮೊಬೈಲ್ ಇಟ್ಟು ನುಡಿಸಿ ನೋಡಿದೆ. ಕಾಲಿನ ತಾಳವೇ ಗುಡುಗಿದಂತೆ ಕೇಳಿತು. ಒಂದೇ ಬೇಸರ: ಅವರ ಆಲ್ಬಮಿನಲ್ಲಿ ಮಿನಿಯವರ ಹೆಸರಿದೆ, ಹಾಡಿದ ಜೋ ಹೆಸರಿಲ್ಲ.

ಹಾಗಾಗಿ ಈಗ ಗೆಳೆಯರ ಮುಂದೆ ನುಡಿಸುವಾಗ ಇಬ್ಬರ ಹೆಸರನ್ನೂ ಹೇಳಿಯೇ ಶುರುಮಾಡುತ್ತೇನೆ. ತಂತಿಗಳನ್ನು ಮತ್ತೆ ಎರಡು ಮನೆ ಏರಿಸಿ, ಜೋ ವೇಗದಲ್ಲಿ, ಮೂರೇ ನಿಮಿಷ.